ಟೇಲರನ ಹೆಸರಿನಲ್ಲಿ ಹಾರ-ತುರಾಯಿ

ಮಾನ್ಯರೆ,

ಮೊನ್ನೆ ಸುರಪುರದಲ್ಲಿ ಕಾದಂಬರಿಕಾರ ಮೆಡೋಸ್ ಟೇಲರನ ಕುರಿತು ನಡೆದ ಕಾರ್ಯಕ್ರಮವು ‘ಅರ್ಥಪೂರ್ಣವಾಗಿ ಜರುಗಿತು’ ಎಂಬ ವರದಿಯನ್ನು ತಮ್ಮ ಪತ್ರಿಕೆಯಲ್ಲಿ ಓದಿದೆ. ಬರೆದವರು ಬಹುಶಃ ಊಟದ ಹೊತ್ತಿಗೆ ಬಂದಿರಬೇಕು. ನಾನು ಹತ್ತು ಗಂಟೆಯಿಂದಲೇ ಅಲ್ಲಿದ್ದವನು. ಮುಖ್ಯ ಅತಿಥಿಗಳು ದಯಮಾಡಿಸಿದ್ದು ಒಂದೂವರೆಗೆ. ಅಲ್ಲಿಯವರೆಗೆ ಮಂಡಿನೋವಿನವನಾದ ನಾನು ಕೈ ಮುರಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಲೋ ಬೇಡವೋ ಎಂದು ಯೋಚಿಸುತ್ತ ಬ್ಯಾನರನ್ನು ನೋಡುತ್ತಿದ್ದೆ. ಅದರಲ್ಲಿ ಗಣ್ಯರ ಮುಖಗಳು ಊಟದ ತಾಟಿನಷ್ಟು, ಟೇಲರನದು ಅಂಚೆಚೀಟಿಯಷ್ಟು.

ಕಾಯುವುದನ್ನಾದರೂ ಸಹಿಸಬಹುದಿತ್ತು. ಇಲಾಖೆಯ ಸಾಹೇಬರು ಮೈಕಿನ ಮುಂದೆ ನಿಂತು, ಟೇಲರ್ ಐಸಿಎಸ್ ಪಾಸಾಗಿ ಬಂದ ಕಲೆಕ್ಟರ್, ದಾರಿಹೋಕರನ್ನು ಕೊಂದು ದೋಚುತ್ತಿದ್ದ ಠಕ್ಕರನ್ನು ನಿರ್ನಾಮ ಮಾಡಿದವನು, ನಮ್ಮ ರಾಜರನ್ನು ಗಲ್ಲಿಗೇರಿಸಿದವನು ಎಂದು ಚೀಟಿ ನೋಡಿಕೊಂಡು ಅಪ್ಪಣೆ ಕೊಡಿಸಿದರು. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಟೇಲರ್, 1824ರಲ್ಲಿ, ಹದಿನೈದರ ಹುಡುಗನಾಗಿ, ಮುಂಬಯಿಯ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಬಂದು, ಆ ವ್ಯಾಪಾರವೇ ಮುಳುಗುತ್ತಿದ್ದುದನ್ನು ಕಂಡು ನಿಜಾಮನ ಸೈನ್ಯ ಸೇರಿದವನು. ಠಕ್ಕರನ್ನು ಹತ್ತಿಕ್ಕಿದ ಹೆಸರು ಬ್ರಿಟಿಷ್ ಅಧಿಕಾರಿ ಸ್ಲೀಮನ್‌ನದು. ಟೇಲರ್ ಮಾಡಿದ್ದು ಠಕ್ಕನೊಬ್ಬನ ಬಾಯಿಂದಲೇ ಕಥೆ ಹೇಳಿಸಿ 1839ರಲ್ಲಿ ಕಾದಂಬರಿ ಹೊರತಂದದ್ದು. ಅದರ ಕರಡಚ್ಚುಗಳನ್ನು ವಿಕ್ಟೋರಿಯಾ ರಾಣಿಯೇ ತರಿಸಿಕೊಂಡು ಓದಿದಳು. ನಮ್ಮ ಸಾಹೇಬರಿಗೆ ಪುರಸೊತ್ತಿಲ್ಲ. ಇನ್ನು ಸುರಪುರದ ರಾಜಾ ವೆಂಕಟಪ್ಪ ನಾಯಕರು, ತಾವು ಚಿಕ್ಕವರಿದ್ದಾಗ ಬ್ರಿಟಿಷರ ಪರವಾಗಿ ಇಲ್ಲಿಯ ಆಡಳಿತ ನೋಡಿಕೊಂಡ ಟೇಲರನನ್ನು ಎಳವೆಯಿಂದ ‘ಅಪ್ಪಾ’ ಎಂದು ಕರೆದವರು. ಬ್ರಿಟಿಷರ ವಿರುದ್ಧ ದಂಗೆ ಎದ್ದದ್ದಕ್ಕೆ 1858ರಲ್ಲಿ ಅವರಿಗೆ ವಿಧಿಸಿದ ಮರಣದಂಡನೆ ಕಡೆಗೆ ನಾಲ್ಕು ವರ್ಷದ ಸೆರೆವಾಸಕ್ಕೆ ಇಳಿದಿತ್ತು, ಸೆರೆಮನೆಗೆ ಸಾಗಿಸುವ ದಾರಿಯಲ್ಲಿ ಗುಂಡು ತಗುಲಿ ಅವರು ತೀರಿಕೊಂಡರು. ಗುಡ್ಡದ ಮೇಲೆ ಟೇಲರನ ಬಂಗಲೆ ಟೇಲರ್ ಮಂಜಿಲ್ ಇರುವ ಊರಿನಲ್ಲಿ ನಿಂತು ಇದನ್ನೇ ತಪ್ಪು ಹೇಳುವುದಕ್ಕೆ ಎಂಟೆದೆ ಬೇಕು.

ತಿದ್ದೋಣವೆಂದು ಎದ್ದು ನಿಂತರೆ, ನಿರೂಪಕರು ‘ಊಟ ಆರಾಕತ್ತೈತ್ರಿ ಸರ್, ಕುಂದರ್ರಿ’ ಎಂದು ಮೈಕ್ ಕಸಿದುಕೊಂಡರು. ದೂರದಿಂದ ಬಂದಿದ್ದ ಪ್ರಾಧ್ಯಾಪಕರಿಗೆ ಸಿಕ್ಕಿದ್ದು ಐದೇ ನಿಮಿಷ. 1657, 1757, 1857 ಎಂದು ನೂರು ನೂರು ವರ್ಷಗಳ ಅಂತರದಲ್ಲಿ ಟೇಲರ್ ಹೆಣೆದ ಮೂರು ಕಾದಂಬರಿಗಳ ಮಾತನ್ನು ಅವರು ಎತ್ತಿದ್ದರು. ಮೊದಲನೆಯ ‘ತಾರಾ’ದ ಬಿಜಾಪುರ ದಾಟುವ ಮೊದಲೇ ವೇದಿಕೆಯಿಂದ ಚೀಟಿ ಬಂತು. ನನಗೆ ಮೂರು ಗಂಟೆಯ ಬಸ್ಸೂ ತಪ್ಪಿ, ಮನೆ ಸೇರುವಾಗ ದೀಪ ಹಚ್ಚಿದ್ದರು.

ಈ ಇಲಾಖೆಯವರ ಪ್ರತಾಪ ನನಗೆ ಹೊಸದಲ್ಲ. ಟೇಲರನ ಆತ್ಮಕಥೆಯ ಪ್ರತಿಯೊಂದನ್ನು ತರಿಸಿಕೊಡಬೇಕೆಂದು ಕೆಲವು ವರ್ಷಗಳ ಹಿಂದೆ ಅರ್ಜಿ ಕೊಟ್ಟಿದ್ದೆ. 1876ರಲ್ಲಿ ಅವನು ತೀರಿಕೊಂಡ ಮರುವರ್ಷ ಮಗಳು ಅಚ್ಚು ಹಾಕಿಸಿದ ಆ ಪುಸ್ತಕಕ್ಕೆ, ‘ಲೇಖಕರು ಎರಡು ಪ್ರತಿಗಳೊಂದಿಗೆ ಖುದ್ದಾಗಿ ಅರ್ಜಿ ಸಲ್ಲಿಸತಕ್ಕದ್ದು’ ಎಂಬ ಹಿಂಬರಹ ಬಂದಿತ್ತು. ಅದನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಆದ್ದರಿಂದ ಇಂಥ ಕಾರ್ಯಕ್ರಮಗಳನ್ನು ಓದಿದವರ ಕೈಗೆ ಒಪ್ಪಿಸಬೇಕು, ಇಲ್ಲವೇ ಸಾಹೇಬರಿಗಾದರೂ ಓದಿಸಬೇಕು. ಸಮಯಕ್ಕೆ ಸರಿಯಾಗಿ ಆರಂಭಿಸಬೇಕು, ಆಗದಿದ್ದರೆ ಮಾಡಲೇಬಾರದು. ಟೇಲರನಿಗಂತೂ ಇವರ ಶಾಲು, ಹಾರ ಬೇಕಿಲ್ಲ. ತಮ್ಮ ವರದಿಗಾರರೂ ಇನ್ನು ಮುಂದೆ ಊಟಕ್ಕಿಂತ ಸ್ವಲ್ಪ ಮುಂಚೆ ಬರಲಿ.

– ನಿವೃತ್ತ ಶಿಕ್ಷಕ, ಸುರಪುರ ತಾಲ್ಲೂಕು