ಯಂತ್ರ ಹೌದೆನ್ನಲಿ, ಇಲ್ಲವೆನ್ನುವ ಹೊಣೆ ಅಧಿಕಾರಿಯದಿರಲಿ

ಇ-ಆಡಳಿತ ಖಾತೆಯ ಹೊಣೆ ಹೊತ್ತಿರುವ ಮಾನ್ಯ ಸಚಿವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ಒಂದು ಪ್ರಮಾಣಪತ್ರಕ್ಕಾಗಿ ಮೂರು ಕಚೇರಿ ಅಲೆಯುತ್ತಿದ್ದವರು ಈಗ ಮನೆಯಲ್ಲೇ ಕೂತು ಅದನ್ನು ಪಡೆಯುತ್ತಾರೆ. ಇದು ದೊಡ್ಡ ಲಾಭ. ಹಳೆಯ ಕಡತಗಳ ಕಾಲಕ್ಕೆ ಮರಳಿ ಎಂದು ನಾವು ಕೇಳುತ್ತಿಲ್ಲ. ಕಂಪ್ಯೂಟರ್ ತಾನಾಗಿಯೇ ಯಾರ ಅರ್ಜಿಯನ್ನೂ ತಿರಸ್ಕರಿಸದಂತೆ ಒಂದು ಆದೇಶ ಹೊರಡಿಸಿ ಎಂಬುದಷ್ಟೇ ನಮ್ಮ ಕೋರಿಕೆ. ದಾಖಲೆ ತಾಳೆಯಾದರೆ ಅದೇ ಮಂಜೂರು ಮಾಡಲಿ. ತಾಳೆಯಾಗದಿದ್ದರೆ ಅರ್ಜಿ ಒಬ್ಬ ಅಧಿಕಾರಿಯ ಮೇಜಿಗೆ ಹೋಗಲಿ.

ಯಾಕೆ ಎಂಬುದಕ್ಕೆ ‘ಮೋಹನ್’ ಎಂಬ ಪುಟ್ಟ ಹೆಸರೊಂದೇ ಸಾಕು. ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ‘ಮೋ’ ಅಕ್ಷರವನ್ನು ಮ ಮತ್ತು ಓತ್ವ ಎಂದು ಎರಡು ಸಂಕೇತಗಳಲ್ಲಿ ಇಡಬಹುದು. ಅದೇ ಓತ್ವವನ್ನು ಮೂರು ತುಂಡಾಗಿ ಬಿಡಿಸಿ ಒಟ್ಟು ನಾಲ್ಕು ಸಂಕೇತಗಳಲ್ಲೂ ಇಡಬಹುದು. ಕೊನೆಯ ‘ನ್’ ಆದಮೇಲೆ, ಮುಂದೆ ಬರುವ ಅಕ್ಷರ ಒತ್ತಾಗದಿರಲೆಂದು, ಕೆಲವು ಕೀಲಿಮಣೆಗಳಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಸಂಕೇತ ಸೇರಿಕೊಳ್ಳುತ್ತದೆ. ಪರದೆಯ ಮೇಲೆ ಎಲ್ಲವೂ ಒಂದೇ ಹೆಸರು. ಎರಡು ದತ್ತಾಂಶಗಳನ್ನು ಹೋಲಿಸುವ ತಂತ್ರಾಂಶಕ್ಕೆ ಮಾತ್ರ ಬೇರೆ ಬೇರೆ ಮನುಷ್ಯರು. ಪಾಪ, ಅರ್ಜಿದಾರ ಎಷ್ಟು ಸಲ ಕಣ್ಣಿಟ್ಟು ನೋಡಿದರೂ ತಪ್ಪು ಎಲ್ಲಿದೆಯೆಂದು ಕಾಣುವುದೇ ಇಲ್ಲ!

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಹೋಲಿಸುವ ಮೊದಲು ಎರಡೂ ಹೆಸರನ್ನು, ಬಿಡಿಸಿದ ತುಂಡುಗಳನ್ನು ಮತ್ತೆ ಒಂದಾಗಿ ಕೂಡಿಸುವ ಎನ್‌ಎಫ್‌ಸಿ ಎಂಬ ಯೂನಿಕೋಡ್ ರೂಪಕ್ಕೆ ತರಬೇಕು. ಕಾಣದ ಸಂಕೇತ ಅದರಿಂದ ಹೋಗುವುದಿಲ್ಲ. ಅದನ್ನು ಹೋಲಿಕೆಗಾಗಿ ಮಾಡಿಕೊಂಡ ಪ್ರತಿಯಲ್ಲಿ ಮಾತ್ರ ತೆಗೆಯಬೇಕು, ಮೂಲ ಹೆಸರನ್ನು ಮುಟ್ಟಬಾರದು. ಇಷ್ಟಾದರೂ ಒಂದು ದಾಖಲೆಯಲ್ಲಿ ಇನಿಷಿಯಲ್ ಹಿಂದೆ, ಇನ್ನೊಂದರಲ್ಲಿ ಮುಂದೆ, ಮತ್ತೊಂದರಲ್ಲಿ ತಂದೆಯ ಪೂರ್ತಿ ಹೆಸರು ಇರುವ ತೊಡಕು ಉಳಿದೇ ಉಳಿಯುತ್ತದೆ. ಅದನ್ನು ಬಿಡಿಸಲು ಮನುಷ್ಯನೇ ಬೇಕು.

ಹೆಸರಿನ ಮಾತು ಹಾಗಿರಲಿ. ಲೆಕ್ಕದ ಸೂತ್ರವೇ ತಪ್ಪಾಗಿದ್ದರೆ? ಆಸ್ಟ್ರೇಲಿಯಾದ ‘ರೋಬೋಡೆಟ್’ ಯೋಜನೆಯಲ್ಲಿ ಆದದ್ದು ಇದೇ. ಅಲ್ಲಿ ಸರ್ಕಾರದ ನೆರವು ಪಡೆಯುವವರು ಎರಡು ವಾರಕ್ಕೊಮ್ಮೆ ತಮ್ಮ ಆದಾಯ ತಿಳಿಸಬೇಕಿತ್ತು. ಯಂತ್ರವೋ, ತೆರಿಗೆ ಇಲಾಖೆಯಲ್ಲಿದ್ದ ವಾರ್ಷಿಕ ಆದಾಯವನ್ನು 26ರಿಂದ ಭಾಗಿಸಿ, ಬಂದ ಸರಾಸರಿಯನ್ನು ಆ ಮಾಹಿತಿಯ ಜೊತೆ ಹೋಲಿಸಿತು. ಒಬ್ಬರು 12 ವಾರ ದುಡಿದು 26,000 ಡಾಲರ್ ಗಳಿಸಿ, ಉಳಿದ 40 ವಾರ ಕೆಲಸವಿಲ್ಲದೆ ನೆರವು ಪಡೆದಿದ್ದರು ಎಂದುಕೊಳ್ಳಿ. ಯಂತ್ರದ ಲೆಕ್ಕದಲ್ಲಿ ಅವರಿಗೆ ವರ್ಷಪೂರ್ತಿ ಎರಡು ವಾರಕ್ಕೆ 1,000 ಡಾಲರ್ ಆದಾಯ! ಪ್ರಾಮಾಣಿಕವಾಗಿ ಸೊನ್ನೆ ಎಂದು ಬರೆದ 20 ಕಂತುಗಳೂ ಸುಳ್ಳಾದವು, ನೆರವು ಸಾಲವಾಯಿತು. ಹಳೆಯ ಸಂಬಳದ ಚೀಟಿ ಹುಡುಕಿ ತಂದು ಸಾಲವಿಲ್ಲವೆಂದು ಸಾಬೀತು ಮಾಡುವ ಹೊಣೆಯೂ ಅವರ ಹೆಗಲಿಗೇ ಬಿತ್ತು. ಆ ಯೋಜನೆ ಕಾನೂನುಬಾಹಿರವಾಗಿತ್ತು; ಲಕ್ಷಾಂತರ ಜನರಿಗೆ ಹಣ ಹಿಂದಿರುಗಿಸಬೇಕಾಯಿತು. 2023ರಲ್ಲಿ ಅದರ ತನಿಖೆಗೆ ನೇಮಿಸಿದ್ದ ಉನ್ನತ ಆಯೋಗದ (ರಾಯಲ್ ಕಮಿಷನ್) ವರದಿ ಬರುವ ಹೊತ್ತಿಗೆ ಎಷ್ಟೋ ಮನೆಗಳು ನಲುಗಿಹೋಗಿದ್ದವು.

ಬ್ರಿಟನ್ನಿನ ಅಂಚೆ ಇಲಾಖೆಯ ‘ಹೊರೈಜನ್’ ತಂತ್ರಾಂಶದ ಕಥೆ ನಿಮಗೆ ಗೊತ್ತಿರಬಹುದು. ದೋಷವಿದ್ದ ಆ ತಂತ್ರಾಂಶ ಲೆಕ್ಕದಲ್ಲಿ ಇಲ್ಲದ ಕೊರತೆ ತೋರಿಸಿದ್ದರಿಂದ ಅಂಚೆ ಶಾಖೆ ನಡೆಸುತ್ತಿದ್ದ 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿಕೊಂಡರು. ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು ಎಂದು ನ್ಯಾಯಾಲಯ ಮೊದಲಿಗೆ ನಂಬಿಕೊಳ್ಳುವ ಪದ್ಧತಿ ಅವರಿಗೆ ಮುಳುವಾಯಿತು. ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡುವ ಕಾನೂನು ಬಂದದ್ದು 2024ರಲ್ಲಿ.

ದುಡ್ಡು ಕಟ್ಟುವಾಗಿನ ಸಮಸ್ಯೆ ಇಷ್ಟು ಘೋರವಲ್ಲದಿದ್ದರೂ ದಿನಬೆಳಗಾದರೆ ಎದುರಾಗುವಂಥದು. ಬ್ಯಾಂಕಿನಿಂದ ಹಣ ಕಡಿತವಾಗಿರುತ್ತದೆ, ಪೋರ್ಟಲ್ ‘ವಿಫಲ’ ಎನ್ನುತ್ತದೆ, ಜನ ಗಾಬರಿಯಾಗಿ ಎರಡನೇ ಸಲ ಕಟ್ಟುತ್ತಾರೆ. ಬ್ಯಾಂಕಿನ ಉತ್ತರ ದಾರಿಯಲ್ಲೇ ಕಳೆದುಹೋದದ್ದು ಸಾಮಾನ್ಯವಾಗಿ ಇದಕ್ಕೆ ಕಾರಣ. ಪಾವತಿಗೆ ಮೊದಲೇ ಅರ್ಜಿಸಂಖ್ಯೆ ಕೊಡಬೇಕು, ಉತ್ತರ ಬಾರದಿದ್ದರೆ ಪೋರ್ಟಲ್ಲೇ ಬ್ಯಾಂಕನ್ನು ಮತ್ತೆ ಮತ್ತೆ ಕೇಳಬೇಕು, ಖಚಿತವಾಗುವ ತನಕ ಪರದೆಯಲ್ಲಿ ‘ಪರಿಶೀಲನೆಯಲ್ಲಿದೆ, ಮತ್ತೆ ಕಟ್ಟಬೇಡಿ’ ಎಂದಿರಬೇಕು.

ಆದೇಶದಲ್ಲಿ ಏನಿರಬೇಕು? ಬರೀ ‘ತಿರಸ್ಕೃತ’ ಎಂಬ ಒಂದು ಪದದ ಉತ್ತರ ನಿಲ್ಲಬೇಕು. ಯಾವ ದಾಖಲೆಯ ಯಾವ ವಿವರ, ಯಾವುದರ ಜೊತೆ ತಾಳೆಯಾಗಲಿಲ್ಲ, ಯಾವ ನಿಯಮದಡಿ, ಏನು ತಂದರೆ ಸರಿಹೋಗುತ್ತದೆ, ಎಷ್ಟು ದಿನದೊಳಗೆ, ಯಾರಲ್ಲಿ ಮೇಲ್ಮನವಿ ಎಂಬುದೆಲ್ಲ ಅರ್ಜಿದಾರರ ಭಾಷೆಯಲ್ಲಿ ಇರಬೇಕು. ಈಗಾಗಲೇ ಸಿಗುತ್ತಿರುವ ಪಿಂಚಣಿಯೋ ಪಡಿತರವೋ ಆದರೆ, ಮೇಲ್ಮನವಿ ಇತ್ಯರ್ಥವಾಗುವವರೆಗೆ ನಿಲ್ಲಕೂಡದು. ಬೆರಳಿನ ಗೆರೆ ಸವೆದ ವೃದ್ಧರಿಗೆ, ಕೂಲಿಯವರಿಗೆ ಬೆರಳಚ್ಚಿನ ಬದಲು ಬೇರೆ ದಾರಿ ಇದ್ದೇ ಇರಬೇಕು. ಆ ದಾರಿ ಕೇಳಿದ್ದಕ್ಕೆ ಅವರನ್ನು ಅನುಮಾನದಿಂದ ನೋಡಬಾರದು. ಪ್ರತಿ ಸೇವೆಯಲ್ಲಿ ಎಷ್ಟು ಅರ್ಜಿ ಅರ್ಧಕ್ಕೇ ನಿಂತವು, ಎಷ್ಟು ತಿರಸ್ಕಾರಗಳು ಮೇಲ್ಮನವಿಯಲ್ಲಿ ಬಿದ್ದುಹೋದವು ಎಂಬ ಅಂಕಿಅಂಶ ತಿಂಗಳಿಗೊಮ್ಮೆ ಪ್ರಕಟವಾಗಬೇಕು. ಅದನ್ನು ನೋಡದೆ ಯಾವ ಕೌಂಟರನ್ನೂ ಮುಚ್ಚಬೇಡಿ.

ಇನ್ನೊಂದು ಮಾತು, ನಮ್ಮ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. ತಂತ್ರಾಂಶ ಬೇಡವೆಂದದ್ದನ್ನು ದಾಖಲೆ ನೋಡಿ ಕೈಯಾರೆ ಮಂಜೂರು ಮಾಡಿದ ಅಧಿಕಾರಿಗೆ ನಾಳೆ ಆಡಿಟ್‌ನವರು ನೋಟಿಸ್ ಕೊಡುತ್ತಾರೆ. ಅರ್ಹರನ್ನು ಬರಿಗೈಯಲ್ಲಿ ವಾಪಸ್ ಕಳಿಸಿದವರನ್ನು ಯಾರೂ ಕೇಳುವುದಿಲ್ಲ. ಹೀಗಿರುವಾಗ ಯಾವ ಗುಮಾಸ್ತೆ ತಾನೇ ಧೈರ್ಯ ಮಾಡಿಯಾರು? ಆದ್ದರಿಂದ ಮಂಜೂರಾದ ಅರ್ಜಿಗಳಷ್ಟೇ ಸಂಖ್ಯೆಯಲ್ಲಿ ತಿರಸ್ಕೃತ ಅರ್ಜಿಗಳನ್ನೂ ಆಡಿಟ್‌ಗೆ ಎತ್ತಿಕೊಳ್ಳಬೇಕು, ಕಾರಣ ಬರೆದು ಸಹಿ ಹಾಕಿದ ಅಧಿಕಾರಿಗೆ ರಕ್ಷಣೆ ಇರಬೇಕು ಎಂಬ ಕಲಮನ್ನು ಅದೇ ಆದೇಶದಲ್ಲಿ ಸೇರಿಸಿ ಎಂದು ಕೇಳಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಾರ್ವಜನಿಕ ಸೇವೆಗಳ ತಂತ್ರಾಂಶ ಕಟ್ಟುವ, ಪರೀಕ್ಷಿಸುವ ಕೆಲಸದಲ್ಲಿರುವವರು