ಜಾಝ್ ಕಛೇರಿಗೆ ಕತ್ತರಿ ಹಾಕಬೇಡಿ

ಮಾನ್ಯ ಸಂಪಾದಕರೇ,

ಜಾಝ್ ಎಂದರೆ ಮನಬಂದಂತೆ ನುಡಿಸುವುದು, ಹಾಗಾಗಿ ಅದನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು ಎಂಬ ತಿಳಿವಳಿಕೆ ನಮ್ಮ ಕೆಲವು ಸಂಘಟಕರಲ್ಲಿ ಇದ್ದಂತಿದೆ. ಇತ್ತೀಚೆಗೆ ಬೆಂಗಳೂರಿನ ಸಭಾಂಗಣವೊಂದರಲ್ಲಿ ನಡೆದ ಕಛೇರಿಯಲ್ಲಿ ಸ್ಯಾಕ್ಸೊಫೋನ್ ಮತ್ತು ಪಿಯಾನೊ ವಾದಕರು ತಮ್ಮ ಸರದಿ ಮುಗಿಸಿದ್ದರು. ಡ್ರಮ್ ವಾದಕರು ಕೋಲುಗಳನ್ನು ಕೆಳಗಿಟ್ಟು ಬ್ರಷ್ ಕೈಗೆತ್ತಿಕೊಂಡು ನಾದವನ್ನು ತಗ್ಗಿಸಿದ್ದರು, ಆಳೆತ್ತರದ ಡಬಲ್ ಬೇಸ್ ಹಿಡಿದ ಯುವಕ ತನ್ನ ಸರದಿಯನ್ನು ಆಗಷ್ಟೇ ಆರಂಭಿಸಿದ್ದ. ಅಷ್ಟರಲ್ಲಿ ನಿರೂಪಕರು ಮೈಕ್ ಹಿಡಿದು ಬಂದು ಪ್ರಾಯೋಜಕರಿಗೆ ವಂದನೆ ಸಲ್ಲಿಸತೊಡಗಿದರು. ಆ ಹುಡುಗ ತಂತಿಯ ಮೇಲಿಟ್ಟ ಬೆರಳನ್ನು ತೆಗೆಯದೆ ಭಾಷಣ ಮುಗಿಯುವವರೆಗೂ ಹಾಗೆಯೇ ನಿಂತಿದ್ದ. ಮುಗಿದ ಮೇಲೆ ಬೇರೊಂದು ಕೃತಿ ಶುರುವಾಯಿತು.

ಜಾಝ್ ವಾದನಕ್ಕೆ ಗಟ್ಟಿಯಾದ ಚೌಕಟ್ಟಿದೆ. ಜಾಝ್‌ನ ಬೇರುಗಳಲ್ಲೊಂದಾದ ಬ್ಲೂಸ್ ಶೈಲಿಯ ಕೃತಿ ಸಾಮಾನ್ಯವಾಗಿ 12 ಬಾರ್‌ಗಳ (ತಾಳದ ಸಮ ಅಳತೆಯ ಖಂಡಗಳ) ಆವರ್ತ. ಅದರೊಳಗಿನ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಕ್ರಮ ಪ್ರತಿ ಸುತ್ತಿನಲ್ಲೂ ಮರಳಿ ಬರುತ್ತದೆ. ನಮ್ಮ ಕರ್ನಾಟಕ ಸಂಗೀತದಲ್ಲಿ ಕಲ್ಪನಾಸ್ವರ ಹಾಡುವವರು ಎಲ್ಲೆಲ್ಲಿ ಸುತ್ತಿದರೂ ಎಡುಪಿಗೆ (ಸಾಹಿತ್ಯ ಆರಂಭವಾಗುವ ತಾಳದ ಜಾಗಕ್ಕೆ) ಬಂದು ಸೇರುವಂತೆ, ಏಕಾಂಗಿಯಾಗಿ ನುಡಿಸುವವರೂ ಜೊತೆಯವರೂ ಆ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದುವರಿಯುತ್ತಾರೆ. ನಾಲ್ಕು ನಾಲ್ಕು ಬಾರ್‌ಗಳನ್ನು ಹಂಚಿಕೊಂಡು ಸ್ಯಾಕ್ಸೊಫೋನ್ ಮತ್ತು ಡ್ರಮ್ ಪರಸ್ಪರ ಉತ್ತರ ಕೊಡುವುದನ್ನು ಕೇಳಿದರೆ, ಮೃದಂಗ-ಘಟಗಳು ತಾವೇ ಮುಂದಾಗಿ ನುಡಿಸುವ ತನಿ ಆವರ್ತನ ಬಲ್ಲ ನಮ್ಮ ರಸಿಕರಿಗೆ ಅದರ ಸೊಗಸನ್ನು ಯಾರೂ ವಿವರಿಸಬೇಕಾಗಿಲ್ಲ. (ತನಿ ಆರಂಭವಾದೊಡನೆ ಕಾಫಿಗೆ ಏಳುವವರ ಮಾತು ಬೇರೆ.)

ಸಮಯ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ 1956ರ ಜುಲೈ 7ರಂದು ರಾತ್ರಿ ನಡೆದದ್ದೇ ಸಾಕ್ಷಿ. ಜಾಝ್ ವಾದ್ಯವೃಂದದ ನಾಯಕ ಡ್ಯೂಕ್ ಎಲಿಂಗ್ಟನ್ ತಾವು 1937ರಲ್ಲಿ ರಚಿಸಿದ್ದ ಎರಡು ಬ್ಲೂಸ್ ಕೃತಿಗಳ ನಡುವೆ ಟೆನರ್ ಸ್ಯಾಕ್ಸೊಫೋನ್ ವಾದಕ ಪಾಲ್ ಗೊನ್ಸಾಲ್ವೆಸ್ ಅವರಿಗೆ ಎಷ್ಟು ಬೇಕಾದರೂ ನುಡಿಸುವ ಅವಕಾಶ ಕೊಟ್ಟರು. ಅವರು ನಿಲ್ಲಿಸದೆ 27 ಆವರ್ತ, ಅಂದರೆ 324 ಬಾರ್ ನುಡಿಸಿದರು. ವೇದಿಕೆಯ ಅಂಚಿನಲ್ಲಿದ್ದ ಡ್ರಮ್ ವಾದಕ ಜೋ ಜೋನ್ಸ್ ಸುರುಳಿ ಸುತ್ತಿದ ದಿನಪತ್ರಿಕೆಯಿಂದ ತಾಳ ಹಾಕುತ್ತ ಹುರಿದುಂಬಿಸಿದರಂತೆ; ಪತ್ರಿಕೆಗಳಿಂದ ಇಂಥ ಉಪಕಾರವೂ ಆಗುತ್ತದೆ ಎಂಬುದನ್ನು ತಾವು ಗಮನಿಸಬೇಕು! ಜನ ಎದ್ದು ಕುಣಿಯತೊಡಗಿದಾಗ ಗಲಭೆಯಾದೀತೆಂದು ಅಳುಕಿದ ಸಂಘಟಕ ಜಾರ್ಜ್ ವೈನ್ ಕಾರ್ಯಕ್ರಮ ಮುಗಿಸಲು ಹೇಳಿದರೂ ಎಲಿಂಗ್ಟನ್ ಕಿವಿಗೊಡಲಿಲ್ಲ. ಗೊನ್ಸಾಲ್ವೆಸ್ ಅಂದು ಧ್ವನಿಮುದ್ರಣ ಕಂಪನಿಯ ಮೈಕ್ ಬಿಟ್ಟು ರೇಡಿಯೊದವರ ಮೈಕ್‌ಗೆ ನುಡಿಸಿದ್ದರಿಂದ ಮೊದಲ ಗ್ರಾಮಫೋನ್ ತಟ್ಟೆಯಲ್ಲಿ ಅವರ ವಾದನ ದೂರದಿಂದ ಬಂದಂತೆ ಕೇಳುತ್ತದೆ. ಎರಡೂ ಮುದ್ರಣಗಳನ್ನು ಜೋಡಿಸಿದ ಆವೃತ್ತಿ ಹೊರಬರಲು 1999ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಆ ವಾದನದ ನಿಜವಾದ ಬಿಸಿ ಗೊತ್ತಿದ್ದದ್ದು ಎದುರು ಕುಳಿತು ಕೇಳಿದವರಿಗೆ ಮಾತ್ರ.

ಇದು ನಮಗೆ ಸಂಬಂಧವಿಲ್ಲದ ಸಂಗೀತವೂ ಅಲ್ಲ. 1980ರಲ್ಲಿ ಮುಂಬೈನ ಜಾಝ್ ಉತ್ಸವದಲ್ಲಿ ದಕ್ಷಿಣ ಕನ್ನಡದ ಸ್ಯಾಕ್ಸೊಫೋನ್ ವಾದಕ ಕದ್ರಿ ಗೋಪಾಲನಾಥರನ್ನು ಕೇಳಿದ ಕ್ಯಾಲಿಫೋರ್ನಿಯಾದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ತಾವಾಗಿಯೇ ಕೇಳಿಕೊಂಡು ವೇದಿಕೆಗೆ ಬಂದು ಜೊತೆಗೂಡಿದರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಂದಿಗೆ ಮಾಡಿದ ಧ್ವನಿಮುದ್ರಿಕೆ 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಯಿಂದ ಹೊರಬಂದಿತ್ತು.

ಆದ್ದರಿಂದ ಸಂಘಟಕರು ವಂದನಾರ್ಪಣೆ, ಸನ್ಮಾನಗಳನ್ನು ಕಛೇರಿಗೆ ಮೊದಲೋ ಕೊನೆಗೋ ಇಟ್ಟುಕೊಳ್ಳಲಿ. ಒಂದು ಗಂಟೆಯಲ್ಲಿ ಹತ್ತು ಕೃತಿ ಮುಗಿಸಬೇಕೆಂದು ಕಲಾವಿದರನ್ನು ಒತ್ತಾಯಿಸುವ ಬದಲು ನಾಲ್ಕನ್ನೇ ನೆಮ್ಮದಿಯಿಂದ ನುಡಿಸಲು ಬಿಡಲಿ. ತಮ್ಮ ಪತ್ರಿಕೆಯ ‘ನಗರದಲ್ಲಿ ಇಂದು’ ಅಂಕಣದಲ್ಲಿಯೂ ಬರೀ ‘ಜಾಝ್ ಸಂಜೆ’ ಎಂದು ಪ್ರಕಟಿಸದೆ, ಶಾಸ್ತ್ರೀಯ ಕಛೇರಿಗಳಿಗೆ ಮಾಡುವಂತೆ ಡ್ರಮ್ ಮತ್ತು ಬೇಸ್ ನುಡಿಸುವವರೂ ಸೇರಿ ಎಲ್ಲ ವಾದಕರ ಹೆಸರನ್ನು ಕೊಡಬೇಕೆಂದು ಕೋರುತ್ತೇನೆ.

ಇತಿ,
ಸಂಗೀತಾಸಕ್ತ ಓದುಗ,
ಬಸವನಗುಡಿ, ಬೆಂಗಳೂರು