ಕರಡಿ ಅಂದ್ರೆ ಶಕ್ತಿ, ಹದ್ದು ಅಂದ್ರೆ ಸ್ವಾತಂತ್ರ್ಯ, ಅಷ್ಟೇನಾ?

ಸಂಪಾದಕರೇ,

ಹೋದ ಭಾನುವಾರದ ಪುರವಣೀಲಿ 'ರೆಡ್ ಇಂಡಿಯನ್' ಒಡವೆಗಳ ಬಗ್ಗೆ ಬಂದ ಲೇಖನ ಓದ್ದೆ, ಫೋಟೋಗಳೇನೋ ಚೆನ್ನಾಗಿದ್ವು, ಆದ್ರೆ ಪಕ್ಕದ ಬಾಕ್ಸಲ್ಲಿ ಕರಡಿ ಅಂದ್ರೆ ಶಕ್ತಿ, ಹದ್ದು ಅಂದ್ರೆ ಸ್ವಾತಂತ್ರ್ಯ, ತೋಳ ಅಂದ್ರೆ ನಿಷ್ಠೆ ಅಂತ ರಾಶಿ ಭವಿಷ್ಯದ ಥರ ಪಟ್ಟಿ ಹಾಕಿದ್ರಲ್ಲ, ಅದು ಒಪ್ಪೋ ಮಾತಲ್ಲ. ಅಮೆರಿಕದ ಸರ್ಕಾರ ಗುರುತಿಸಿರೋ ಮೂಲನಿವಾಸಿ ಬುಡಕಟ್ಟುಗಳೇ 570ಕ್ಕಿಂತ ಜಾಸ್ತಿ ಇವೆ, ಅಷ್ಟೂ ಜನಕ್ಕೆ ಕರಡಿ ಒಂದೇ ಅರ್ಥ ಕೊಡುತ್ತಾ?

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಜೂನಿ ಬುಡಕಟ್ಟಿನವರನ್ನೇ ತಗೊಳ್ಳಿ. ಟರ್ಕಾಯ್ಸ್ ಅನ್ನೋ ನೀಲಿ-ಹಸಿರು ಕಲ್ಲು, ಹವಳ, ಚಿಪ್ಪು, ಜೆಟ್ ಅನ್ನೋ ಕಪ್ಪು ಕಲ್ಲು, ಇವುಗಳಲ್ಲಿ ಅಂಗೈಲಿ ಹಿಡಿಸೋ ಅಷ್ಟು ಪುಟ್ಟ ಪ್ರಾಣಿಗಳನ್ನ ಕೆತ್ತೋದ್ರಲ್ಲಿ ಅವ್ರದ್ದು ಎತ್ತಿದ ಕೈ, ಅವನ್ನೇ ಸಾಲಾಗಿ ಪೋಣಿಸಿ ಹಾರಾನೂ ಮಾಡ್ತಾರೆ. ಅಲ್ಲಿ ಒಂದೊಂದು ಪ್ರಾಣಿಗೂ ಒಂದು ದಿಕ್ಕು, ಒಂದು ಬಣ್ಣ. ಉತ್ತರಕ್ಕೆ ಮೌಂಟನ್ ಲಯನ್ (ಬೆಕ್ಕಿನ ಜಾತಿಯ ದೊಡ್ಡ ಕಾಡುಪ್ರಾಣಿ), ಹಳದಿ. ಪಶ್ಚಿಮಕ್ಕೆ ಕರಡಿ, ನೀಲಿ. ದಕ್ಷಿಣಕ್ಕೆ ಬ್ಯಾಡ್ಜರ್ ಅನ್ನೋ ಬಿಲ ತೋಡೋ ಪ್ರಾಣಿ, ಕೆಂಪು. ಪೂರ್ವಕ್ಕೆ ತೋಳ, ಬಿಳಿ. ಮೇಲಿನ ದಿಕ್ಕು ಹದ್ದಿಂದು, ಕೆಳಗಿಂದು ಮೋಲ್ ಅನ್ನೋ ಮಣ್ಣು ಕೊರೆಯೋ ಪ್ರಾಣೀದು (ಪಾಪ, ನಿಮ್ಮ ಪಟ್ಟೀಲಿ ಅದಕ್ಕೆ ಜಾಗಾನೇ ಇರ್ಲಿಲ್ಲ, ಟೀ ಶರ್ಟ್ ಮೇಲೂ ಯಾರೂ ಹಾಕಲ್ಲ). ಜೂನಿಗಳ ಜೊತೆ ವರ್ಷಗಟ್ಟಲೆ ಇದ್ದ ಕುಶಿಂಗ್ ಅನ್ನೋ ಸಂಶೋಧಕ 1883ರಲ್ಲೇ ಇದನ್ನೆಲ್ಲ ಪ್ರಕಟಿಸಿದ್ದಾನೆ, ಗುಟ್ಟಿನ ವಿಷಯ ಏನಲ್ಲ. ಕೆಲವು ಬೊಂಬೆಗಳ ಮೈಮೇಲೆ ಬಾಯಿಂದ ಎದೆ ಕಡೆಗೆ ಹೋಗೋ ಒಂದು ಬಾಣ ಇರುತ್ತೆ, ಅದು ಬರೀ ಡಿಸೈನ್ ಅಲ್ಲ, ಪ್ರಾಣಿಯ ಉಸಿರು ಓಡಾಡೋ ದಾರಿ.

ಕೆನಡಾದ ಪಶ್ಚಿಮ ಕರಾವಳಿ ಹತ್ರ ಇರೋ ಹೈಡಾ ಗ್ವಾಯ್ ದ್ವೀಪಗಳಿಗೆ ಹೋದ್ರೆ ಕಥೆನೇ ಬೇರೆ. ಹೈಡಾ ಜನ ಹುಟ್ಟಿನಿಂದ್ಲೇ ಒಂದೋ ಕಾಗೆ ಜಾತಿಯ ರೇವನ್ ಕಡೆಯವರು, ಇಲ್ಲಾ ಹದ್ದಿನ ಕಡೆಯವರು, ಅದು ತಾಯಿ ಕಡೆಯಿಂದ ಬರುತ್ತೆ. ಬೆಳ್ಳಿ ಬಳೆ ಮೇಲೆ (ಮೊದಲೆಲ್ಲ ನಾಣ್ಯ ಬಡಿದೇ ಬಳೆ ಮಾಡ್ತಿದ್ರು) ಕೆತ್ತಿರೋ ಬೀವರ್ ಅನ್ನೋ ನೀರಲ್ಲಿ ಇರೋ ಪ್ರಾಣೀನ ಎರಡು ದೊಡ್ಡ ಹಲ್ಲು, ಗೀರು ಗೀರಿನ ಬಾಲ ನೋಡಿ ಗುರುತು ಹಿಡೀಬಹುದು, ರೇವನ್‌ಗೆ ನೇರ ಕೊಕ್ಕು, ಹದ್ದಿಗೆ ಕೊಂಕಿದ ಕೊಕ್ಕು. ಆ ಗುರುತು ಮನೆತನದ ಆಸ್ತಿ ಇದ್ದಂಗೆ, ಇಷ್ಟ ಆಯ್ತು ಅಂತ ಯಾರ್ ಬೇಕಾದ್ರೂ ಎತ್ಕೊಳ್ಳೋ ಹಾಗಿಲ್ಲ. ಅಂಥಾದ್ದನ್ನ 'ನಿಮ್ಮ ಸ್ವಭಾವಕ್ಕೆ ಯಾವ ಪ್ರಾಣಿ' ಅಂತ ಬರೆದ್ರೆ ಅವ್ರಿಗೆ ಹೇಗನ್ಸುತ್ತೆ?

ಇನ್ನೊಂದು, ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುತ್ತೆ ಅಂತ ಬರೆದಿದ್ದೀರಿ. ಅಗ್ಗಕ್ಕೆ ಸಿಗೋದ್ರಲ್ಲಿ ಫಿಲಿಪೀನ್ಸ್‌ನಲ್ಲಿ ಮಾಡಿಸಿ ತಂದ ನಕಲಿ ಮಾಲೂ ಇರುತ್ತೆ, ಮೂಲನಿವಾಸಿಗಳು ಮಾಡಿದ್ದು ಅಂತ ಸುಳ್ಳು ಹೇಳಿ ಮಾರೋದು ಅಮೆರಿಕದಲ್ಲಿ 1990ರ ಕಾನೂನಿನ ಪ್ರಕಾರ ಅಪರಾಧ, ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ ಹಾಕಬಹುದು. ನಮ್ಮವರು ಮಕ್ಕಳ ಮನೆಗೆ ಅಂತ ಅಮೆರಿಕಕ್ಕೆ ಹೋದಾಗ ಇಂಥ ಪೆಂಡೆಂಟು, ಬೊಂಬೆ ತರ್ತಾರೆ, ನಾವೂ ತಂದಿದ್ದೀವಿ. ತಗೊಳ್ಳೋದು ತಪ್ಪೇನಲ್ಲ, ಅಂಗಡೀಲಿ ಸಿಗೋ ಜೂನಿ ಬೊಂಬೆಗಳಲ್ಲಿ ಹೆಚ್ಚಿನವು ಮಾರೋಕಂತಾನೇ ಮಾಡಿದ್ದು, ಪೂಜೇದಲ್ಲ, ಕೆತ್ತಿದವರ ಹೊಟ್ಟೆಪಾಡೂ ಅದೇ. ಯಾವ ಬುಡಕಟ್ಟು, ಕೆತ್ತಿದ್ದು ಯಾರು ಅಂತ ಕೇಳಿ ತಗೊಳ್ಳಿ ಅಂತ ಒಂದು ಸಾಲು ಬರೆದಿದ್ರೆ ಸಾಕಿತ್ತು.

ನಿಮ್ಮ ಫೋಟೋಗಳ ಕೆಳಗೂ ಬರೀ 'ಸಂಗ್ರಹ ಚಿತ್ರ' ಅಂತ ಇತ್ತು. ಆ ಒಡವೆ ಮಾಡಿದವರ ಹೆಸರು ಗೊತ್ತಾದ್ರೆ ಮುಂದಿನ ವಾರ ಹಾಕಿ.

ಒಬ್ಬ ಓದುಗ, ಮೈಸೂರು